ಇಪ್ಪತ್ತಮೂರು ದಿನಗಳಲ್ಲಿ ಎರಡನೆಯ ಜಿಆರ್‌ಇ

2024ರ ನವೆಂಬರ್ 9ರ ಶನಿವಾರ ಮಧ್ಯಾಹ್ನ ವಿದೇಶದ ಸ್ನಾತಕೋತ್ತರ ಪ್ರವೇಶಕ್ಕೆ ಕೇಳುವ ಜಿಆರ್‌ಇ ಪರೀಕ್ಷೆ ಮುಗಿದು, ಬೆಂಗಳೂರಿನ ಪರೀಕ್ಷಾ ಕೇಂದ್ರದ ಕಂಪ್ಯೂಟರ್ ಪರದೆಯ ಮೇಲೆ ನನ್ನ ಅಂಕಗಳು ಮೂಡಿದವು. ಇಂಗ್ಲಿಷ್ ಓದಿನ ವಿಭಾಗವಾದ ವರ್ಬಲ್‌ನಲ್ಲಿ 141, ಗಣಿತದ ವಿಭಾಗವಾದ ಕ್ವಾಂಟ್‌ನಲ್ಲಿ 156, ಒಟ್ಟು 297. ಎರಡೂ ವಿಭಾಗಗಳಲ್ಲಿ ಕನಿಷ್ಠ ಅಂಕ 130, ಗರಿಷ್ಠ 170 ಆಗಿರುವ ಈ ಪರೀಕ್ಷೆಯಲ್ಲಿ 141 ಎಂದರೆ ಕೆಳಗಿನ ಮೆಟ್ಟಿಲಿನಿಂದ ಹೆಚ್ಚು ಮೇಲೇನೂ ಅಲ್ಲ. ಜಲಸಂಪನ್ಮೂಲ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡಬೇಕೆಂದು ಅಮೆರಿಕದ ಆರು ವಿಶ್ವವಿದ್ಯಾಲಯಗಳನ್ನು ಆರಿಸಿಕೊಂಡಿದ್ದ ನನಗೆ ಕನಿಷ್ಠ 308 ಆದರೂ ಬೇಕಿತ್ತು. ಅರಸೀಕೆರೆ ತಾಲ್ಲೂಕಿನ ನಮ್ಮ ತೆಂಗಿನ ತೋಟದಲ್ಲಿ ಒಂದಾದ ಮೇಲೊಂದರಂತೆ ಕೊಳವೆಬಾವಿಗಳು ಬತ್ತಿದ್ದನ್ನು ಕಂಡು ಬೆಳೆದವಳು ನಾನು. ಅಂತರ್ಜಲವನ್ನು ಓದಬೇಕೆಂಬುದು ನನ್ನ ಪಾಲಿಗೆ ಬರಿಯ ಪದವಿಯ ಆಸೆಯಾಗಿರಲಿಲ್ಲ. ಆದ್ದರಿಂದಲೇ ಆ ಮೂರಂಕಿಯ ಸಂಖ್ಯೆ ನನ್ನನ್ನು ಅಷ್ಟು ಕಂಗೆಡಿಸಿತು. ಅಂಕಗಳನ್ನು ಯಾವ ವಿಶ್ವವಿದ್ಯಾಲಯಕ್ಕೂ ಕಳಿಸದೆ ಹೊರಗೆ ಬಂದೆ.

ಪಿ.ಜಿ.ಗೆ ಮರಳಿ ಬಂದು ಮೊದಲು ಮಾಡಿದ ಕೆಲಸ ದಿನಗಳ ಲೆಕ್ಕ. ಅರ್ಜಿಗಳ ಕೊನೆಯ ದಿನ ಡಿಸೆಂಬರ್ 15. ಒಮ್ಮೆ ಜಿಆರ್‌ಇ ಬರೆದವರು 21 ದಿನಗಳ ಅಂತರವಿಲ್ಲದೆ ಮತ್ತೊಮ್ಮೆ ಬರೆಯುವಂತಿಲ್ಲ. ಹನ್ನೆರಡು ತಿಂಗಳಲ್ಲಿ ಐದು ಬಾರಿ ಮಾತ್ರ ಬರೆಯಬಹುದು. ಅಧಿಕೃತ ಅಂಕಪಟ್ಟಿ ಬರಲು ಪರೀಕ್ಷೆಯ ನಂತರ ಎಂಟರಿಂದ ಹತ್ತು ದಿನ ಬೇಕು. ಈ ಎರಡು ಗಡುವುಗಳ ನಡುವೆ ಉಳಿದದ್ದು ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗಿನ ಬೆರಳೆಣಿಕೆಯ ದಿನಗಳು. ಡಿಸೆಂಬರ್ 2ರ ಸೋಮವಾರ ಒಂದು ಸೀಟು ಖಾಲಿ ಇತ್ತು. ಶುಲ್ಕ ಇಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕಿದ್ದು, ಅದೇ ಮೊತ್ತವನ್ನು ಮೊದಲ ಪರೀಕ್ಷೆಗೆ ಆಗಲೇ ಕಟ್ಟಿಯಾಗಿತ್ತು. ಅಪ್ಪನಿಗೆ ಫೋನ್ ಮಾಡಿ ವಿಷಯ ತಿಳಿಸಿದಾಗ ಅವರು, "ದುಡ್ಡಿನ ಮಾತು ಆಮೇಲಿರಲಿ ಪುಟ್ಟ, ಇನ್ನೊಂದು ಸಲ ಕೂತರೆ ಬರುತ್ತೆ ಅಂತ ನಿನಗೇ ಅನ್ನಿಸುತ್ತಾ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಪ್ರಾಮಾಣಿಕವಾದ ಉತ್ತರವಿರಲಿಲ್ಲ. ಎರಡು ದಿನ ಸಮಯ ಕೊಡಿ ಎಂದೆ.

ಆ ಎರಡು ದಿನಗಳೇ ಇಡೀ ತಯಾರಿಯಲ್ಲಿ ಅತ್ಯಂತ ಬೆಲೆಯುಳ್ಳವು ಎಂದು ಈಗ ನಂಬಿದ್ದೇನೆ. ಮೊದಲಿಗೆ ನಾನು ಆರಿಸಿದ್ದ ಆರೂ ವಿಶ್ವವಿದ್ಯಾಲಯಗಳ ವಿಭಾಗಗಳ ಪ್ರವೇಶ ನಿಯಮಗಳನ್ನು ಮತ್ತೊಮ್ಮೆ ಸಾವಧಾನವಾಗಿ ಓದಿದೆ. ಕೋವಿಡ್ ಕಾಲದಲ್ಲಿ ಅನೇಕ ವಿಶ್ವವಿದ್ಯಾಲಯಗಳು ಜಿಆರ್‌ಇಯನ್ನು ಕೈಬಿಟ್ಟಿದ್ದವು. ಅವುಗಳಲ್ಲಿ ಕೆಲವು ಅದನ್ನು ಮತ್ತೆ ಕೇಳತೊಡಗಿವೆ, ಕೆಲವು ಕೇಳುವುದಿಲ್ಲ. ನನ್ನ ಪಟ್ಟಿಯ ಎರಡು ವಿಭಾಗಗಳಿಗೆ ಈ ಅಂಕವೇ ಬೇಕಿರಲಿಲ್ಲ. ಕಡಿಮೆ ಅಂಕ ಬಂತೆಂದು ಗಾಬರಿಯಿಂದ ಮರುಪರೀಕ್ಷೆಗೆ ಹಣ ಕಟ್ಟುವವರು ಮೊದಲು ಈ ಒಂದು ಗಂಟೆಯ ಕೆಲಸವನ್ನು ಮಾಡಬೇಕು, ಏಕೆಂದರೆ ಎಷ್ಟೋ ಮಂದಿಗೆ ಮರುಪರೀಕ್ಷೆಯ ಅಗತ್ಯವೇ ಇರುವುದಿಲ್ಲ. ನನಗೆ ಇನ್ನೂ ನಾಲ್ಕು ವಿಭಾಗಗಳು ಉಳಿದಿದ್ದವು.

ಬಳಿಕ ತಪ್ಪುಗಳ ಲೆಕ್ಕಕ್ಕೆ ಕುಳಿತೆ. ನಿಜವಾದ ಪರೀಕ್ಷೆಯ ಪ್ರಶ್ನೆಗಳನ್ನು ಯಾರಿಗೂ ಮರಳಿ ತೋರಿಸುವುದಿಲ್ಲ. ಆದರೆ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಎಂಬ ಹೆಸರಿನಲ್ಲಿ ಎರಡು ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಅವುಗಳಲ್ಲೊಂದನ್ನು ಅಕ್ಟೋಬರ್‌ನಲ್ಲಿ ಬರೆದು, 301 ಬಂದದ್ದನ್ನು ನೋಡಿ, ಮುಚ್ಚಿಟ್ಟು ಮುಂದೆ ಹೋಗಿದ್ದೆ. ಈಗ ಅದನ್ನೇ ತೆರೆದು, ನೂರು ಪುಟದ ಗೆರೆ ಪುಸ್ತಕವೊಂದರಲ್ಲಿ ಮೂರು ಕಾಲಂ ಎಳೆದೆ. ಗೊತ್ತಿಲ್ಲದೆ ತಪ್ಪಿದ್ದು, ಗೊತ್ತಿದ್ದೂ ತಪ್ಪಿದ್ದು, ಸಮಯ ಸಾಲದೆ ತಪ್ಪಿದ್ದು. ವರ್ಬಲ್‌ನಲ್ಲಿ 27, ಕ್ವಾಂಟ್‌ನಲ್ಲಿ 27, ಹೀಗೆ 54 ಪ್ರಶ್ನೆಗಳಲ್ಲಿ 26 ತಪ್ಪಾಗಿದ್ದವು. ಪ್ರತಿಯೊಂದನ್ನೂ ಉತ್ತರ ನೋಡದೆ, ಗಡಿಯಾರವಿಲ್ಲದೆ ಮತ್ತೆ ಬಿಡಿಸಿದ ಮೇಲೆಯೇ ಅದು ಯಾವ ಕಾಲಂಗೆ ಸೇರುತ್ತದೆಂದು ಬರೆದೆ. ಮೊದಲ ಕಾಲಂನಲ್ಲಿ ಬಿದ್ದದ್ದು ಏಳು ಮಾತ್ರ. ಹದಿಮೂರು ಎರಡನೆಯ ಕಾಲಂನಲ್ಲಿದ್ದವು, ಆರು ಮೂರನೆಯದರಲ್ಲಿ. ಅಂದರೆ ಇಪ್ಪತ್ತಾರರಲ್ಲಿ ಹತ್ತೊಂಬತ್ತು ತಪ್ಪುಗಳಿಗೆ ಕಾರಣ ಓದದೇ ಇದ್ದದ್ದಲ್ಲ. ಅಪ್ಪನಿಗೆ ಫೋನ್ ಮಾಡಿ, "ಬರುತ್ತೆ ಅಪ್ಪ" ಎಂದು ಹೇಳಿ ನವೆಂಬರ್ 11ರ ರಾತ್ರಿ ಸೀಟು ಕಾಯ್ದಿರಿಸಿದೆ.

ಆ ಪುಸ್ತಕ ನನ್ನ ಮೊದಲ ತಯಾರಿಯ ದೋಷವನ್ನೂ ತೋರಿಸಿಕೊಟ್ಟಿತು. ಮೂರು ತಿಂಗಳ ಕಾಲ ನಾನು ಮುಖ್ಯವಾಗಿ ಮಾಡಿದ್ದು ಪದಗಳ ಬಾಯಿಪಾಠ. ಹಿರಿಯ ವಿದ್ಯಾರ್ಥಿಗಳಿಂದ ಕೈಯಿಂದ ಕೈಗೆ ಬಂದ ಉದ್ದನೆಯ ಪಟ್ಟಿಯೊಂದನ್ನು ಹಿಡಿದು, ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೂ ಓದಿದ್ದೆ. ಅಂಥ ಪಟ್ಟಿಗಳು ಹುಟ್ಟಿದ್ದು ವಿರುದ್ಧಪದ ಮತ್ತು ಪದಸಾಮ್ಯದ ಪ್ರಶ್ನೆಗಳಿದ್ದ ಕಾಲದಲ್ಲಿ. 2011ರಲ್ಲಿ ಪರೀಕ್ಷೆಯನ್ನು ಬದಲಿಸಿದಾಗ ಆ ಎರಡೂ ಬಗೆಯ ಪ್ರಶ್ನೆಗಳನ್ನು ತೆಗೆದುಹಾಕಲಾಯಿತು. ಈಗ ಇರುವುದು ವಾಕ್ಯದೊಳಗಿನ ಬಿಟ್ಟ ಸ್ಥಳ ತುಂಬುವುದು, ಒಂದೇ ಅರ್ಥ ಕೊಡುವ ಎರಡು ಪದಗಳನ್ನು ಆರರಲ್ಲಿ ಆರಿಸುವುದು, ಮತ್ತು ಗದ್ಯಭಾಗಗಳ ಮೇಲಿನ ಪ್ರಶ್ನೆಗಳು. ಮೂರಕ್ಕೂ ಬೇಕಾದದ್ದು ವಾಕ್ಯವನ್ನು ಓದುವ ಕೌಶಲ. ಪದ ಬೇಡವೆಂದಲ್ಲ. ಆದರೆ ಅಪರೂಪದ ಪದಗಳಿಗಿಂತ, ನಮಗೆ ಗೊತ್ತೆಂದು ನಾವು ಭಾವಿಸಿರುವ ಪದಗಳೇ ಹೆಚ್ಚು ಎಡವಿಸುತ್ತವೆ. 'ಕ್ವಾಲಿಫೈ' ಎಂದರೆ ಅರ್ಹತೆ ಪಡೆಯುವುದೆಂದು ನಾವು ಕಲಿತಿರುತ್ತೇವೆ; ಇಲ್ಲಿ ಅದು ಹೇಳಿದ ಮಾತಿಗೆ ಮಿತಿ ಹಾಕುವುದೆಂಬ ಅರ್ಥದಲ್ಲಿ ಬರುತ್ತದೆ. 'ಸ್ಯಾಂಕ್ಷನ್' ಒಮ್ಮೆ ಅನುಮತಿ, ಇನ್ನೊಮ್ಮೆ ದಂಡನೆ. 'ಅರೆಸ್ಟ್' ಎಂದರೆ ಬೆಳವಣಿಗೆಯನ್ನು ತಡೆಯುವುದು. ಹೀಗಾಗಿ ಉದ್ದನೆಯ ಪಟ್ಟಿಯನ್ನು ಬದಿಗಿಟ್ಟು, ಇಟಿಎಸ್‌ನ ಅಧಿಕೃತ ಪ್ರಶ್ನೆಗಳಲ್ಲಿ ನನಗೆ ಸಿಕ್ಕ ಪದಗಳನ್ನಷ್ಟೇ ಬರೆದುಕೊಂಡು, ಪ್ರತಿಯೊಂದರ ಎದುರು ಅಮ್ಮನಿಗೆ ಹೇಳಿದರೆ ಅರ್ಥವಾಗುವಂಥ ಕನ್ನಡವನ್ನು ಬರೆದೆ. 'ಗ್ಯಾರುಲಸ್' ಎಂಬುದರ ಎದುರು ವಾಚಾಳಿ, 'ಪ್ರಾಡಿಗಲ್' ಎಂಬುದರ ಎದುರು ದುಂದುಗಾರ. 'ಇಕ್ವಿವೊಕೇಟ್' ಎಂಬ ಪದ ಐದು ಸಲ ಓದಿದರೂ ನಿಂತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದು ಬರೆದ ದಿನದಿಂದ ಮರೆತಿಲ್ಲ. ಇಪ್ಪತ್ತಮೂರು ದಿನಗಳಲ್ಲಿ ಹೀಗೆ ಸೇರಿದ ಪದಗಳು ಇನ್ನೂರ ಐವತ್ತನ್ನು ದಾಟಲಿಲ್ಲ.

ಓದಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಅಂಕ ಸೋರಿಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಯಲ್ಲಿರುತ್ತದೆ. ವಿಶೇಷಣಗಳೆಲ್ಲ ನಾಮಪದಕ್ಕೆ ಮುಂಚೆ ಬಂದಿರುತ್ತವೆ. 'ನಿನ್ನೆ ಊರಿನಿಂದ ಬಂದ ಹುಡುಗ' ಎಂದಾಗ ಹುಡುಗನ ಹತ್ತಿರ ತಲುಪುವಷ್ಟರಲ್ಲಿ ಅವನ ಬಗ್ಗೆ ಹೇಳಬೇಕಾದದ್ದೆಲ್ಲ ಮುಗಿದಿರುತ್ತದೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬಂದು, ಅವನ ಬೆನ್ನಿಗೆ ಮೂರು ಉಪವಾಕ್ಯಗಳು ಬಂದು, ಆಮೇಲೆ ಅವನು ಏನು ಮಾಡಿದನೆಂಬುದು ಬರುತ್ತದೆ. ಸಣ್ಣ ವಾಕ್ಯಗಳಲ್ಲಿ ಇದು ತೊಡಕೆನಿಸುವುದಿಲ್ಲ. ನಾಲ್ಕು ಸಾಲಿನ ವಾಕ್ಯದಲ್ಲಿ, ಗಡಿಯಾರ ಓಡುತ್ತಿರುವಾಗ, ಕರ್ತೃ ಯಾವುದೆಂಬುದೇ ಕೈತಪ್ಪುತ್ತದೆ. ನಾನು ಮಾಡಿದ ಅಭ್ಯಾಸ ಸರಳವಾದದ್ದು. ಬೆಳಗ್ಗೆ ಐದರಿಂದ ಏಳರವರೆಗೆ ಓದುವಾಗ ಪ್ರತಿ ದೀರ್ಘ ವಾಕ್ಯದಲ್ಲೂ ಮೊದಲು ಕರ್ತೃವನ್ನು, ನಂತರ ಅದಕ್ಕೆ ಸೇರಿದ ಕ್ರಿಯಾಪದವನ್ನು ಹುಡುಕಿ, ಎರಡನ್ನು ಮಾತ್ರ ಹಾಳೆಯ ಮೇಲೆ ಬರೆದು, ಆಮೇಲೆ ಉಳಿದದ್ದನ್ನು ಜೋಡಿಸುತ್ತಿದ್ದೆ. ಮೊದಲ ವಾರ ಒಂದು ಗದ್ಯಭಾಗಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಎರಡನೆಯ ವಾರದ ಕೊನೆಗೆ ಬರೆಯುವ ಅಗತ್ಯ ಬೀಳಲಿಲ್ಲ. ಕಣ್ಣೇ ಆ ಕೆಲಸವನ್ನು ಮಾಡತೊಡಗಿತು.

ಇನ್ನೊಂದು ತೊಡಕು, ಯಾವ ಮಾತು ಯಾರದೆಂಬುದು. ಅಕ್ಟೋಬರ್‌ನ ತಪ್ಪುಗಳಲ್ಲಿ ಐದು ಇದೇ ಜಾತಿಯವು. ಆ ಗದ್ಯಭಾಗಗಳ ರೀತಿ ಹೀಗಿರುತ್ತದೆ: ಒಂದು ಪ್ರಾಚೀನ ನಗರದ ಅವನತಿಗೆ ಬರಗಾಲವೇ ಕಾರಣವೆಂದು ಇತಿಹಾಸಕಾರರು ಬಹುಕಾಲ ಹೇಳುತ್ತಿದ್ದರು; ಇತ್ತೀಚಿನ ವಿದ್ವಾಂಸರು ವ್ಯಾಪಾರದ ದಾರಿ ಅದಕ್ಕೂ ಮುಂಚೆಯೇ ಬದಲಾಗಿತ್ತೆಂದು ತೋರಿಸುತ್ತಾರೆ; ಆದರೆ ಅವರ ಸಾಕ್ಷ್ಯ ಒಂದೇ ಬಂದರಿಗೆ ಸೀಮಿತವಾಗಿದೆ. ಲೇಖಕರು ಯಾವ ಹೇಳಿಕೆಯನ್ನು ಒಪ್ಪುತ್ತಾರೆಂದು ಕೇಳಿದರೆ ನಾನು ಬರಗಾಲದ ಉತ್ತರವನ್ನು ಆರಿಸುತ್ತಿದ್ದೆ, ಏಕೆಂದರೆ ಅದು ಗದ್ಯಭಾಗದಲ್ಲಿ ಸ್ಪಷ್ಟವಾಗಿ ಬರೆದಿರುತ್ತಿತ್ತು. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಒಂದು ಕ್ರಿಯಾಪದದಲ್ಲಿ ಅಥವಾ ಒಂದು ಅವ್ಯಯದಲ್ಲಿ ಅಡಗಿರುತ್ತದೆ. ನಮ್ಮ ಕನ್ನಡದಲ್ಲಿ ಅದಕ್ಕೊಂದು ಪ್ರತ್ಯೇಕ ಗುರುತೇ ಇದೆಯೆಂಬುದು ನನಗೆ ಹೊಳೆದದ್ದು ಮೆಟ್ರೊದಲ್ಲಿ, ವಿಜಯನಗರದಿಂದ ಇಂದಿರಾನಗರದ ಕಚೇರಿಗೆ ಹೋಗುವಾಗ. ಇಬ್ಬರು ಹೆಂಗಸರು ಯಾರದೋ ಮದುವೆಯ ವಿಷಯ ಮಾತನಾಡುತ್ತಾ "ಒಪ್ಪಿದ್ರಂತೆ, ಆಮೇಲೆ ಬೇಡ ಅಂದ್ರಂತೆ" ಎನ್ನುತ್ತಿದ್ದರು. ತಾನು ಕಂಡದ್ದಲ್ಲ, ಕೇಳಿದ್ದು ಎಂಬುದನ್ನು 'ಅಂತೆ' ಎಂಬ ಎರಡಕ್ಷರ ಹೇಳಿಬಿಡುತ್ತದೆ. ಅಂದಿನಿಂದ ಪ್ರತಿ ಗದ್ಯಭಾಗವನ್ನೂ ಮನಸ್ಸಿನಲ್ಲಿ ಹೀಗೆ ಹೇಳಿಕೊಂಡು ಓದಿದೆ. ಬರ ಬಂದು ಊರು ಹಾಳಾಯಿತಂತೆ. ಬರಕ್ಕೆ ಮುಂಚೆಯೇ ವ್ಯಾಪಾರದ ದಾರಿ ಬದಲಾಗಿತ್ತಂತೆ. ಸಾಕ್ಷ್ಯ ಸಿಕ್ಕಿರುವುದು ಒಂದೇ ಬಂದರಿನಲ್ಲಿ. ಎಲ್ಲಿ 'ಅಂತೆ' ಹಾಕಲು ಬರುವುದಿಲ್ಲವೋ ಅಲ್ಲಿ ಮಾತನಾಡುತ್ತಿರುವವರು ಲೇಖಕರು. ಈ ಒಂದು ಅಭ್ಯಾಸದಿಂದ ನನಗಾದ ಲಾಭ ಪದಗಳ ಬಾಯಿಪಾಠದಿಂದ ಮೂರು ತಿಂಗಳಲ್ಲಿ ಆಗಿರಲಿಲ್ಲ. ಮಾತೃಭಾಷೆಯಲ್ಲಿ ಓದಿದ್ದರಿಂದಲೇ ಇಂಗ್ಲಿಷಿನಲ್ಲಿ ಹಿಂದೆ ಬಿದ್ದೆನೆಂದು ಕೊರಗುವ ಹುಡುಗ ಹುಡುಗಿಯರಿಗೆ ನಾನು ಇದನ್ನು ಒತ್ತಿ ಹೇಳಲು ಬಯಸುತ್ತೇನೆ: ನಿಮ್ಮ ಕನ್ನಡ ಈ ಪರೀಕ್ಷೆಯಲ್ಲಿ ನಿಮ್ಮ ಜೊತೆಗೆ ನಿಲ್ಲುತ್ತದೆ.

ಈ ಉತ್ಸಾಹದಲ್ಲಿ ಒಂದು ತಪ್ಪನ್ನೂ ಮಾಡಿದೆ. ಮೊದಲ ವಾರವಿಡೀ ವರ್ಬಲ್ ಮಾತ್ರ ಓದಿ, ನವೆಂಬರ್ 17ರ ಭಾನುವಾರ ಎರಡನೆಯ ಉಚಿತ ಮಾದರಿ ಪರೀಕ್ಷೆಯನ್ನು ಬರೆದೆ. ವರ್ಬಲ್ 147ಕ್ಕೆ ಏರಿತು, ಕ್ವಾಂಟ್ 152ಕ್ಕೆ ಇಳಿಯಿತು. ಒಟ್ಟು 299, ಅಂದರೆ ಅಕ್ಟೋಬರ್‌ಗಿಂತಲೂ ಎರಡು ಕಡಿಮೆ. ಅಂದು ಸಂಜೆ ಬಹಳ ಅತ್ತೆ. ಎಂಜಿನಿಯರಿಂಗ್ ಓದಿದವರಿಗೆ ಈ ಗಣಿತ ಕಷ್ಟವಲ್ಲ. ಅದು ಹೈಸ್ಕೂಲಿನ ಅಂಕಗಣಿತ, ಬೀಜಗಣಿತ, ರೇಖಾಗಣಿತ ಮತ್ತು ಸ್ವಲ್ಪ ಸಂಖ್ಯಾಶಾಸ್ತ್ರ. ಕಷ್ಟವಲ್ಲವೆಂಬ ಕಾರಣಕ್ಕೇ ಅದನ್ನು ಕಡೆಗಣಿಸುತ್ತೇವೆ.

ತಪ್ಪುಗಳನ್ನು ಮತ್ತೆ ಕಾಲಂಗಳಿಗೆ ಹಂಚಿದಾಗ ಹೆಚ್ಚಿನವು ಹೋಲಿಕೆಯ ಪ್ರಶ್ನೆಗಳಲ್ಲಿದ್ದವು. ಅಲ್ಲಿ ಎರಡು ಪ್ರಮಾಣಗಳನ್ನು ಕೊಟ್ಟಿರುತ್ತಾರೆ: ಮೊದಲನೆಯದು ದೊಡ್ಡದು, ಎರಡನೆಯದು ದೊಡ್ಡದು, ಎರಡೂ ಸಮ, ಅಥವಾ ಕೊಟ್ಟ ಮಾಹಿತಿಯಿಂದ ಹೇಳಲಾಗದು ಎಂಬ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಎಕ್ಸ್ ಸೊನ್ನೆಗಿಂತ ದೊಡ್ಡದು. ಎಕ್ಸ್‌ನ ವರ್ಗ ದೊಡ್ಡದೋ, ಎಕ್ಸ್ ದೊಡ್ಡದೋ ಎಂಬಂಥ ಪ್ರಶ್ನೆ. ನಾನು 2 ಎಂದು ಇಟ್ಟು, 4 ದೊಡ್ಡದೆಂದು ತೀರ್ಮಾನಿಸಿ ಮುಂದೆ ಹೋಗುತ್ತಿದ್ದೆ. ಅರ್ಧವನ್ನು ಇಟ್ಟರೆ ವರ್ಗ ಕಾಲು ಆಗುತ್ತದೆ, ಎಕ್ಸ್ ದೊಡ್ಡದಾಗುತ್ತದೆ. 1 ಇಟ್ಟರೆ ಎರಡೂ ಸಮ. ಆದ್ದರಿಂದ ಉತ್ತರ ನಾಲ್ಕನೆಯದು. ಸೊನ್ನೆ, ಒಂದು, ಭಿನ್ನರಾಶಿ, ಋಣಸಂಖ್ಯೆ, ಈ ನಾಲ್ಕನ್ನೂ ಪ್ರಶ್ನೆ ಅನುಮತಿಸುವಷ್ಟರ ಮಟ್ಟಿಗೆ ಇಟ್ಟು ನೋಡದೆ ಉತ್ತರ ಒತ್ತುವುದಿಲ್ಲವೆಂದು ಗೋಡೆಯ ಮೇಲೆ ಬರೆದು ಅಂಟಿಸಿದೆ. ನಿಜವಾಗಿ ಗೊತ್ತಿಲ್ಲದೇ ಇದ್ದದ್ದು ಮಾನಕ ವಿಚಲನೆ ಮತ್ತು ಸಹಜ ವಿತರಣೆ. ಎರಡು ಸಂಜೆಗಳಲ್ಲಿ ಅವನ್ನು ಮುಗಿಸಿದೆ. ಪರದೆಯ ಮೇಲಿನ ಕ್ಯಾಲ್ಕುಲೇಟರನ್ನು ಬಳಸುವುದನ್ನು ಆದಷ್ಟು ಬಿಟ್ಟೆ. ಮೌಸ್‌ನಲ್ಲಿ ಒಂದೊಂದೇ ಅಂಕಿ ಒತ್ತುವಷ್ಟರಲ್ಲಿ ಹಾಳೆಯ ಮೇಲಿನ ಲೆಕ್ಕ ಮುಗಿದಿರುತ್ತದೆ.

ಸಮಯದ ಲೆಕ್ಕವನ್ನೂ ಇದೇ ಹೊತ್ತಿಗೆ ಸರಿಪಡಿಸಿಕೊಂಡೆ. ಮೂರು ಮುಕ್ಕಾಲು ಗಂಟೆಯಷ್ಟಿದ್ದ ಜಿಆರ್‌ಇ 2023ರ ಸೆಪ್ಟೆಂಬರ್‌ನಿಂದ ಒಂದು ಗಂಟೆ 58 ನಿಮಿಷಕ್ಕೆ ಇಳಿದಿದೆ, ನಡುವೆ ನಿಗದಿತ ವಿರಾಮವಿಲ್ಲ. ವರ್ಬಲ್‌ನ ಮೊದಲ ಭಾಗದಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15. ಕ್ವಾಂಟ್‌ನಲ್ಲಿ 21 ನಿಮಿಷಕ್ಕೆ 12, 26 ನಿಮಿಷಕ್ಕೆ 15. ಮೊದಲ ಭಾಗದಲ್ಲಿ ಹೇಗೆ ಮಾಡಿದೆವೆಂಬುದರ ಮೇಲೆ ಎರಡನೆಯ ಭಾಗದ ಕಠಿಣತೆ ನಿರ್ಧಾರವಾಗುತ್ತದೆ. ಆದ್ದರಿಂದ ಮೊದಲ ಹನ್ನೆರಡು ಪ್ರಶ್ನೆಗಳ ತೂಕ ಹೆಚ್ಚು. ಆದರೆ ಒಂದು ಭಾಗದೊಳಗೆ ಸುಲಭದ ಪ್ರಶ್ನೆಗೂ ಕಠಿಣ ಪ್ರಶ್ನೆಗೂ ಬೆಲೆ ಒಂದೇ. ಮೂರು ಬಿಟ್ಟ ಸ್ಥಳಗಳ ಪ್ರಶ್ನೆಯಲ್ಲಿ ಎರಡು ಸರಿಯಾಗಿ, ಒಂದು ತಪ್ಪಾದರೆ ಏನೂ ಸಿಗುವುದಿಲ್ಲ. ಮೂರೂ ಸರಿಯಾದರೆ ಒಂದೇ ಬಿಟ್ಟ ಸ್ಥಳದ ಪ್ರಶ್ನೆಗೆ ಸಿಗುವಷ್ಟೇ ಸಿಗುತ್ತದೆ. ನವೆಂಬರ್ 9ರಂದು ನಾನು ಅಂಥದ್ದೊಂದರ ಮುಂದೆ ನಾಲ್ಕು ನಿಮಿಷ ಕುಳಿತಿದ್ದೆ, ಅದಕ್ಕಾಗಿ ಮೂರು ಸುಲಭದ ಪ್ರಶ್ನೆಗಳನ್ನು ಓದದೆಯೇ ಒತ್ತಬೇಕಾಯಿತು. ಈಗ ಅಂಥವನ್ನೂ ದೀರ್ಘ ಗದ್ಯಭಾಗವನ್ನೂ ಗುರುತು ಹಾಕಿ ಕೊನೆಗೆ ಬಿಡುವುದನ್ನು ಕಲಿತೆ. ಆ ಭಾಗದ ಸಮಯ ಮುಗಿಯುವವರೆಗೆ ಹಿಂದಿರುಗಿ ಉತ್ತರ ಬದಲಿಸಬಹುದು, ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು.

ಪರೀಕ್ಷೆಯ ಇನ್ನೊಂದು ಅಂಗವಾದ ಪ್ರಬಂಧಕ್ಕೆ ನಾನು ಕೊಟ್ಟದ್ದು ಮೂರು ಬೆಳಗು ಮಾತ್ರ. ವಿಷಯಗಳ ಸಂಪೂರ್ಣ ಪಟ್ಟಿಯನ್ನು ಇಟಿಎಸ್ ಬಹಿರಂಗವಾಗಿಯೇ ಪ್ರಕಟಿಸಿದೆ. ಅದರಿಂದ ಆರಿಸಿ ಮೂವತ್ತು ನಿಮಿಷದ ಮಿತಿಯಲ್ಲಿ ಆರು ಪ್ರಬಂಧ ಬರೆದೆ.

ನವೆಂಬರ್ 24ರಂದು ಹಣ ಕೊಟ್ಟು ಪಡೆದ ಮಾದರಿ ಪರೀಕ್ಷೆಯಲ್ಲಿ 148 ಮತ್ತು 160 ಬಂದವು. ಕೊನೆಯ ವಾರ ಹೊಸದೇನನ್ನೂ ಓದಲಿಲ್ಲ. ಗೆರೆ ಪುಸ್ತಕವನ್ನು ಮೊದಲ ಪುಟದಿಂದ ತೆಗೆದು, ತಪ್ಪಿದ ಪ್ರಶ್ನೆಗಳನ್ನೇ ಮತ್ತೆ ಬಿಡಿಸಿದೆ. ಎರಡನೆಯ ಬಾರಿಯೂ ತಪ್ಪಿದವು ಹದಿನಾಲ್ಕು. ಶುಕ್ರವಾರ ರಜೆ ಹಾಕಿ ಆ ಹದಿನಾಲ್ಕರ ಜೊತೆ ಇಡೀ ದಿನ ಕಳೆದೆ. ಭಾನುವಾರ ರಾತ್ರಿ ಒಂಬತ್ತೂವರೆಗೆ ಮಲಗಿದೆ. ತಯಾರಿಯಲ್ಲಿ ನಿದ್ದೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ನವೆಂಬರ್ 9ರ ನನ್ನ ಎರಡನೆಯ ವರ್ಬಲ್ ಭಾಗವನ್ನು ನೋಡಿದ್ದರೆ ಮನಸ್ಸು ಬದಲಿಸುತ್ತಿದ್ದರು; ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ತಲೆಗೆ ಇಳಿದಿರಲಿಲ್ಲ.

ಡಿಸೆಂಬರ್ 2ರಂದು ಅದೇ ಕೇಂದ್ರ, ಅದೇ ಲಾಕರ್‌ಗಳ ಸಾಲು, ಪಾಸ್‌ಪೋರ್ಟ್ ಹಿಡಿದು ನಿಂತ ಅಷ್ಟೇ ಮೌನದ ಹುಡುಗ ಹುಡುಗಿಯರು. ಪ್ರಬಂಧ ಮುಗಿದು ಬಂದ ಮೊದಲ ವರ್ಬಲ್ ಭಾಗದಲ್ಲಿ ಐದನೆಯ ಪ್ರಶ್ನೆಗೆ ಮೂರು ಬಿಟ್ಟ ಸ್ಥಳಗಳಿದ್ದವು. ಗುರುತು ಹಾಕಿ ಮುಂದೆ ಹೋದೆ. ಉಳಿದ ಹನ್ನೊಂದು ಮುಗಿದಾಗ ಗಡಿಯಾರದಲ್ಲಿ ಎರಡು ನಿಮಿಷ ಹತ್ತು ಸೆಕೆಂಡ್ ಇತ್ತು, ಹಿಂದಿರುಗಿ ಅದನ್ನೂ ತುಂಬಿದೆ. ಅದು ಸರಿಯಾಯಿತೋ ಇಲ್ಲವೋ ನನಗೆಂದೂ ತಿಳಿಯುವುದಿಲ್ಲ. ಕೊನೆಗೆ ಪರದೆಯ ಮೇಲೆ ವರ್ಬಲ್ 148, ಕ್ವಾಂಟ್ 162 ಎಂದು ಮೂಡಿತು. ಪರೀಕ್ಷೆಯ ದಿನ ನಾಲ್ಕು ಕಡೆಗೆ ಅಂಕಗಳನ್ನು ಉಚಿತವಾಗಿ ಕಳಿಸುವ ಅವಕಾಶವಿದೆ. ಅಂದಿನ ಅಂಕಗಳನ್ನು ಮಾತ್ರ ಕಳಿಸು ಎಂಬ ಆಯ್ಕೆಯನ್ನು ಒತ್ತಿ, ನಾಲ್ಕೂ ಹೆಸರುಗಳನ್ನು ಎರಡೆರಡು ಸಲ ಓದಿ ತುಂಬಿದೆ. ಪ್ರಬಂಧದ ಅಂಕವೂ ಸೇರಿದ ಅಧಿಕೃತ ಪಟ್ಟಿ ಹನ್ನೊಂದನೆಯ ತಾರೀಖು ಬಂತು, ಹದಿಮೂರಕ್ಕೆ ಅರ್ಜಿಗಳು ಹೋದವು.

ಆದರೆ ಅಂದು ಕೇಂದ್ರದಿಂದ ಹೊರಗೆ ಬಂದು, ಲಾಕರಿನಿಂದ ಫೋನ್ ತೆಗೆದು, ರಸ್ತೆಯ ಬದಿಯಲ್ಲೇ ನಿಂತು ಅಪ್ಪನಿಗೆ ಕರೆ ಮಾಡಿದೆ. ಅವರು ತೋಟದಲ್ಲಿದ್ದರು, ಮೋಟಾರಿನ ಸದ್ದು ಕೇಳುತ್ತಿತ್ತು. ನಾನು ಹೇಳಿದ ಸಂಖ್ಯೆಯನ್ನು ಇನ್ನೊಂದು ಸಲ ಕೇಳಿಸಿಕೊಂಡು, ಫೋನನ್ನು ಕಿವಿಯಿಂದ ದೂರ ಹಿಡಿದು, ಅಮ್ಮನಿಗೆ ಕೂಗಿ ಹೇಳಿದರು: "ಮುನ್ನೂರ ಹತ್ತು ಬಂತಂತೆ ಕಣೇ!"